ತುರ್ತು ಚಿಕಿತ್ಸಾ ಘಟಕದಲ್ಲಿ ಯಾರು ಮೊದಲು?

ಪಡಿತರ ಅಂಗಡಿಯಲ್ಲಾಗಲಿ, ಬ್ಯಾಂಕಿನಲ್ಲಾಗಲಿ ಮೊದಲು ಬಂದವರಿಗೆ ಮೊದಲ ಅವಕಾಶ ಎಂಬುದೇ ನ್ಯಾಯ. ಆಸ್ಪತ್ರೆಯ ತುರ್ತು ಚಿಕಿತ್ಸಾ ಘಟಕದ ನ್ಯಾಯ ಬೇರೆ. ಅಲ್ಲಿ ಯಾರ ಪ್ರಾಣ ಹೆಚ್ಚು ಅಪಾಯದಲ್ಲಿದೆಯೋ ಅವರೇ ಮೊದಲಿಗರು. ವೈದ್ಯರು ಇದನ್ನು ಟ್ರಯಾಜ್ ಎನ್ನುತ್ತಾರೆ. ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯರಾಗಿದ್ದ ಡೊಮಿನಿಕ್ ಲಾರೇ ಅವರು, ಗಾಯಾಳುವಿನ ದರ್ಜೆಯನ್ನು ನೋಡದೆ ಗಾಯದ ತೀವ್ರತೆಯನ್ನಷ್ಟೇ ನೋಡಿ ಚಿಕಿತ್ಸೆ ನೀಡುವ ಪದ್ಧತಿಗೆ ಅಡಿಪಾಯ ಹಾಕಿದರು. ಇಂದು ಅನೇಕ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಕೆಂಪು, ಹಳದಿ, ಹಸಿರು ಎಂದು ವಿಂಗಡಿಸುತ್ತಾರೆ.

ಕೆಲವು ವರ್ಷಗಳ ಹಿಂದೆ ನಮ್ಮ ಬಂಧುಗಳಲ್ಲಿ ಹಿರಿಯರೊಬ್ಬರು ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಅವರನ್ನು ಕರೆದುಕೊಂಡು ನಾವು ಆಸ್ಪತ್ರೆಗೆ ಹೋಗಿದ್ದೆವು. ಅವರು ನೋವಿನಿಂದ ನರಳುತ್ತಿದ್ದಾಗ ಮಧ್ಯವಯಸ್ಸಿನ ಮಹಿಳೆಯೊಬ್ಬರು ನಡೆದುಕೊಂಡೇ ಒಳಬಂದರು. "ಗ್ಯಾಸ್ಟ್ರಿಕ್ ಇರಬೇಕು, ಎದೆ ಉರಿಯುತ್ತಿದೆ" ಎಂದರು. ಮುಖದಲ್ಲಿ ಬೆವರಿತ್ತು. ಸಕ್ಕರೆ ಕಾಯಿಲೆ ಇದೆಯೆಂದು ತಿಳಿದೊಡನೆ ದಾದಿ ಅವರನ್ನು ಒಳಗೆ ಕರೆದೊಯ್ದರು. "ಮೊದಲು ಬಂದವರು ನಾವಲ್ಲವೇ?" ಎಂದು ಹಿರಿಯರ ಮಗ ದನಿಯೇರಿಸಿದನು. ಆಗ ಆ ಹಿರಿಯರೇ, "ಸುಮ್ಮನಿರು ಬೇಟಾ, ನನ್ನ ಕೈ ಎಲ್ಲಿಗೂ ಹೋಗುವುದಿಲ್ಲ" ಎಂದರು. ಅನಂತರ ತಿಳಿದುಬಂದಂತೆ ಆ ಮಹಿಳೆಗೆ ಆಗಿದ್ದುದು ಹೃದಯಾಘಾತ.

ಸಕ್ಕರೆ ಕಾಯಿಲೆಯವರಲ್ಲಿ, ಮಹಿಳೆಯರಲ್ಲಿ, ವೃದ್ಧರಲ್ಲಿ ಹೃದಯಾಘಾತವು ಎದೆ ಹಿಂಡುವ ನೋವಾಗಿಯೇ ಬರಬೇಕೆಂದಿಲ್ಲ. ಉಬ್ಬಸ, ವಾಕರಿಕೆ, ಬೆವರು, ವಿಪರೀತ ಸುಸ್ತು ಮಾತ್ರವೇ ಇರಬಹುದು. ಆದುದರಿಂದಲೇ ಇಂತಹ ರೋಗಿ ಬಂದ 10 ನಿಮಿಷಗಳೊಳಗೆ ಇಸಿಜಿ ಆಗಬೇಕೆಂಬುದು ವೈದ್ಯಕೀಯ ನಿಯಮ. ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿದರೆ, ಹೆಪ್ಪು ಕರಗಿಸುವ ಮದ್ದಿಗೆ ಸಾಮಾನ್ಯವಾಗಿ ಲಕ್ಷಣ ಆರಂಭವಾದ 4.5 ಗಂಟೆಗಳವರೆಗೆ ಮಾತ್ರ ಅವಕಾಶ. ರೋಗಿಯ ಹೆಸರನ್ನೂ ಅರಿಯದ ವೈದ್ಯರು ರೋಗ ಯಾವುದೆಂದು ಖಚಿತವಾಗುವ ಮೊದಲೇ ಉಸಿರಾಟವನ್ನೂ ರಕ್ತಸಂಚಾರವನ್ನೂ ಕಾಪಾಡಬೇಕಾಗುತ್ತದೆ. ಕೂಗಾಡುವವರ ನಡುವೆ ಮೌನವಾಗಿ ಕುಸಿಯುತ್ತಿರುವವರನ್ನು ಗುರುತಿಸುವುದೇ ಅವರ ಕಠಿಣ ಪರೀಕ್ಷೆ.

ಈ ಪರೀಕ್ಷೆಯಲ್ಲಿ ಮನೆಯವರಾದ ನಮಗೂ ಪಾಲಿದೆ. ತೊಂದರೆ ಆರಂಭವಾದ ಸಮಯವನ್ನು ನೆನಪಿಟ್ಟುಕೊಳ್ಳೋಣ. ದಿನವೂ ಸೇವಿಸುವ ಮಾತ್ರೆಗಳನ್ನು ಚೀಟಿಯೊಂದಿಗೆ ಕೊಂಡೊಯ್ಯೋಣ. ಯಾವ ಮದ್ದು ಒಗ್ಗುವುದಿಲ್ಲವೆಂಬುದನ್ನು ತಿಳಿಸೋಣ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕದಿರೋಣ. ವಿಷಪ್ರಾಶನದಂತಹ ಸಂಗತಿಯನ್ನು ಮಾನಕ್ಕೆ ಅಂಜಿ ಮುಚ್ಚಿಡದಿರೋಣ. ಸುದ್ದಿ ತಿಳಿದೊಡನೆ ಕುಟುಂಬವೆಲ್ಲ ಧಾವಿಸಿ ಬರುವುದು ನಮ್ಮಲ್ಲಿ ಪ್ರೀತಿಯ ಲಕ್ಷಣ. ಆದರೆ ಹಾಸಿಗೆಯ ಬಳಿ ಎಲ್ಲವನ್ನೂ ಬಲ್ಲ ಒಬ್ಬರು ಸಾಕು. ಉಳಿದವರು ಹೊರಗಿದ್ದರೆ ಸ್ಟ್ರೆಚರ್ ಸಾಗಲು ದಾರಿಯಾದರೂ ಇರುತ್ತದೆ.

ಕಾಯುತ್ತಿರುವಾಗ ಉಸಿರು, ಮಾತು ಅಥವಾ ಪ್ರಜ್ಞೆಯಲ್ಲಿ ವ್ಯತ್ಯಾಸ ಕಂಡರೆ ತಕ್ಷಣ ದಾದಿಗೆ ತಿಳಿಸಬೇಕು. ಹಾಗೇನೂ ಇಲ್ಲದಿದ್ದರೆ ತಾಳ್ಮೆಯಿಂದ ಕುಳಿತುಕೊಳ್ಳೋಣ. ನಮ್ಮವರನ್ನು ಕಾಯಲು ಹೇಳಿದ್ದಾರೆಂದರೆ, ಅವರ ಪ್ರಾಣಕ್ಕೆ ಸದ್ಯಕ್ಕೆ ಅಷ್ಟು ಅಪಾಯವಿಲ್ಲವೆಂದು ಬಲ್ಲವರು ಕಂಡುಕೊಂಡಿದ್ದಾರೆ. ಒಳಗೆ ಹೋದವರ ಮನೆಮಂದಿಗೆ ಆ ನೆಮ್ಮದಿಯೂ ಇರುವುದಿಲ್ಲ.