ಹಿಂದಕ್ಕೆ ಹೋಗಲು ಎಷ್ಟು ಮರಳು ಬೇಕು?

ವಿಡಿಯೋ ಗೇಮಿನಲ್ಲಿ ಸತ್ತವನು ಮತ್ತೆ ಎದ್ದು ಬರುತ್ತಾನೆ, ಅದನ್ನೇ ನೋಡಿ ಬೆಳೆದ ಮಕ್ಕಳಿಗೆ ತಪ್ಪಿನ ಭಯ ಎಲ್ಲಿಂದ ಬರಬೇಕು ಎಂದು ನನ್ನ ವಯಸ್ಸಿನವರು ಗೊಣಗುವುದುಂಟು. ಏಳನೇ ತರಗತಿಯ ಮೊಮ್ಮಗನ ಪಕ್ಕ ಕೂತು ಎರಡು ಬೇಸಿಗೆ ರಜೆ ಕಳೆದ ಮೇಲೆ ನನಗೆ ಆ ಮಾತು ಒಪ್ಪಿಗೆಯಾಗುತ್ತಿಲ್ಲ. ಆಟ ಕಟ್ಟುವವರು ಹಿಂದಕ್ಕೆ ಹೋಗುವ ದಾರಿಯನ್ನು ಪುಕ್ಕಟೆ ಕೊಟ್ಟಿಲ್ಲ. ಅದಕ್ಕೆಷ್ಟು ಬೆಲೆ ಇಡಬೇಕೆಂದು ಅಳೆದೂ ಸುರಿದೂ ನೋಡಿದ್ದಾರೆ.

ಮೊದಮೊದಲು ಆ ದಾರಿಯೇ ಇರಲಿಲ್ಲ. 1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಸ್ವಿಚ್ ಆರಿಸಿದರೆ ಎಲ್ಲ ಮೊದಲಿನಿಂದ. ಮರುವರ್ಷ ಜಪಾನಿನಲ್ಲಿ ಬಂದ ಡ್ರ್ಯಾಗನ್ ಕ್ವೆಸ್ಟ್‌ನಲ್ಲಿ ರಾಜನು 20 ಅಕ್ಷರಗಳ ಒಂದು 'ಮಂತ್ರ' ಹೇಳಿಕೊಡುತ್ತಿದ್ದ. ಆಟಗಾರನ ಹಣ, ಆಯುಧ, ಅನುಭವ ಎಲ್ಲವೂ ಆ ಅಕ್ಷರಗಳಲ್ಲೇ ಅಡಗಿರುತ್ತಿತ್ತು. ಕಾಗದದಲ್ಲಿ ಬರೆದಿಟ್ಟುಕೊಂಡು ಮರುದಿನ ಹಾಗೆಯೇ ತುಂಬಬೇಕು. ಒಂದಕ್ಷರ ತಪ್ಪಿದರೂ ಆಟ ಒಪ್ಪದು. ಎರಡನೇ ಭಾಗದಲ್ಲಿ ಮಂತ್ರ 52 ಅಕ್ಷರಗಳವರೆಗೆ ಬೆಳೆಯಿತು. ಪಾಪ, ಆ ಮಕ್ಕಳು! 1987ರಲ್ಲಿ ಅಮೆರಿಕದಲ್ಲಿ ಬಂದ ಜೆಲ್ಡಾ ಆಟದ ಕಾರ್ಟ್ರಿಜ್‌ನೊಳಗೆ ಒಂದು ಪುಟ್ಟ ಬ್ಯಾಟರಿ ಕೂತು ಎಲ್ಲವನ್ನೂ ನೆನಪಿಟ್ಟುಕೊಂಡಿತು.

ನನಗೆ ಹೆಚ್ಚು ಹಿಡಿಸಿದ್ದು 2003ರ ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್. ರಾಜಕುಮಾರನ ಕಠಾರಿಯಲ್ಲಿ ಮಾಯದ ಮರಳಿದೆ. ಬಿದ್ದರೆ ಗುಂಡಿ ಒತ್ತಿ ಕಾಲವನ್ನು ಕೆಲವು ಕ್ಷಣ ಹಿಂದಕ್ಕೆ ಓಡಿಸಬಹುದು. ಮರಳು ಮುಗಿದರೆ ಅದೂ ಇಲ್ಲ. ಶತ್ರುಗಳನ್ನು ಗೆದ್ದು ತುಂಬಿಸಿಕೊಳ್ಳಬೇಕು. ಇನ್ನೊಂದು ಸೊಗಸಿದೆ. ಇಡೀ ಆಟ ಆ ರಾಜಕುಮಾರ ಹೇಳುತ್ತಿರುವ ಕಥೆ. ನಾವು ಆಡಿ ಅವನನ್ನು ಸಾಯಿಸಿದರೆ, ಅಲ್ಲಲ್ಲ, ಹಾಗಾಗಲಿಲ್ಲ ಎಂದು ಅವನದೇ ದನಿ ತಿದ್ದುತ್ತದೆ, ಕಥೆ ಹೇಳುತ್ತಾ ದಾರಿ ತಪ್ಪಿದ ಅಜ್ಜಿಯ ಹಾಗೆ.

2008ರಲ್ಲಿ ಜೊನಾಥನ್ ಬ್ಲೋ ಮಾಡಿದ ಬ್ರೇಡ್‌ನಲ್ಲಿ ಮರಳಿನ ಲೆಕ್ಕವೇ ಇಲ್ಲ, ಎಷ್ಟು ಬೇಕಾದರೂ ಹಿಂದಕ್ಕೆ ಹೋಗಿ. ಆದರೆ ಹಸಿರಾಗಿ ಹೊಳೆಯುವ ವಸ್ತುಗಳಿಗೆ ಕಾಲದ ಹಂಗಿಲ್ಲ. ಹತ್ತಿ ಬರಲಾಗದ ಗುಂಡಿಗೆ ಇಳಿದು ಹಸಿರು ಕೀಲಿ ಎತ್ತಿಕೊಂಡು ಕಾಲವನ್ನು ಹಿಂದೆ ಸರಿಸಿದರೆ, ನಾವು ಮೇಲಿರುತ್ತೇವೆ, ಕೀಲಿ ಕೈಯಲ್ಲೇ ಇರುತ್ತದೆ!

ನಮ್ಮ ಬ್ಯಾಂಕಿನ ಲೆಡ್ಜರಿನಲ್ಲೂ ಹೀಗೇ. ಒಬ್ಬರ 500 ರೂಪಾಯಿ ಇನ್ನೊಬ್ಬರ ಖಾತೆಗೆ ಜಮಾ ಆಗಿದ್ದರೆ ರಬ್ಬರಿನಿಂದ ಅಳಿಸುವಂತಿಲ್ಲ, ಬ್ಲೇಡಿನಿಂದ ಕೆರೆಯುವಂತಿಲ್ಲ. ಅಷ್ಟೇ ಮೊತ್ತವನ್ನು ಖರ್ಚಿನ ಕಡೆ ಬರೆದು ಸರಿದೂಗಿಸಬೇಕು, ಆಫೀಸರ ಸಹಿ ಪಡೆಯಬೇಕು. ಹಣ ಸರಿಯಾದ ಜಾಗ ಸೇರುತ್ತದೆ, ತಪ್ಪಿದ ಸಾಲೂ ಅಲ್ಲೇ ಉಳಿಯುತ್ತದೆ.

ಮೊಮ್ಮಗನಿಗೆ ಇದನ್ನು ಹೇಳಲು ಕಾರಣವಿತ್ತು. ಆಟದಲ್ಲಿ ಒಂದೇ ಗೋಡೆಯನ್ನು ಇಪ್ಪತ್ತು ಸಲ ಹಾರಿ ಬೀಳುವ ಹುಡುಗ, ಗಣಿತದ ಪುಸ್ತಕದಲ್ಲಿ ಒಂದು ಲೆಕ್ಕ ತಪ್ಪಿದರೆ ಹಾಳೆಯನ್ನೇ ಹರಿದುಹಾಕುತ್ತಿದ್ದ. ನೂರು ಪುಟದ ಪುಸ್ತಕ ಅರ್ಧಕ್ಕೆ ಇಳಿದಿತ್ತು. ನನ್ನ ವಯಸ್ಸಿನವರು ಇಲ್ಲವೆನ್ನುವ ಭಯ ಅವನಲ್ಲಿ ಬೇಕಾದಷ್ಟಿತ್ತು, ಅತಿಯಾಗಿಯೇ ಇತ್ತು. ಬಿದ್ದು ನೋಡುವ ಧೈರ್ಯ ಬಂದದ್ದು ಆಟದಲ್ಲಿ ಮಾತ್ರ.

"ಹಾಗಾದರೆ ತಪ್ಪು ಎಲ್ಲರಿಗೂ ಕಾಣಿಸ್ತಿತ್ತಾ ತಾತ?" ಎಂದು ಕೇಳಿದ.

"ಕಾಣಿಸ್ತಿತ್ತು ಮರಿ. ಸರಿ ಮಾಡಿದ್ದೂ ಕಾಣಿಸ್ತಿತ್ತು."

ಈಗ ತಪ್ಪಿದ ಲೆಕ್ಕಕ್ಕೆ ಒಂದೇ ಗೆರೆ ಎಳೆದು ಕೆಳಗೆ ಮತ್ತೆ ಮಾಡುತ್ತಾನೆ. ಪಕ್ಕದಲ್ಲಿ ಆಫೀಸರ ಹಾಗೆ ನಾನು ಸಹಿ ಹಾಕಬೇಕು. ಹಸಿರು ಶಾಯಿಯೇ ಆಗಬೇಕಂತೆ.