ಮನೆಯ ವರ್ತಮಾನ

ಡಾ. ಹೆರ್ಮನ್ ಗುಂಡರ್ಟರ ಹೆಸರನ್ನು ಕೇರಳದಲ್ಲಿ ಕೇಳದವರು ವಿರಳ. 1872ರಲ್ಲಿ ಹೊರಬಂದ ಅವರ ಮಲಯಾಳ–ಇಂಗ್ಲಿಷ್ ನಿಘಂಟು ಅಚ್ಚಾದುದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಎಂಬುದು ಕನ್ನಡಿಗರಾದ ನಮಗೆ ಒಂದಿಷ್ಟು ಹೆಮ್ಮೆಯ ಸಂಗತಿ. ಆದರೆ ನಾವಿಲ್ಲಿ ಹೇಳಹೊರಟಿರುವುದು ನಿಘಂಟುಕಾರರ ವಿಷಯವನ್ನಲ್ಲ. ಅವರ ಪತ್ನಿ ಜೂಲಿಯವರ ವಿಷಯವನ್ನು.

ಜೂಲಿ ದ್ಯುಬುವಾ ಫ್ರೆಂಚ್ ಮಾತಾಡುವ ಸ್ವಿಸ್ ನಾಡಿನವರು, ಗಂಡನಿಗಿಂತ ವಯಸ್ಸಿನಲ್ಲಿ ಹಿರಿಯರು. ಇಬ್ಬರೂ 1836ರಲ್ಲಿ ಒಂದೇ ಹಡಗಿನಲ್ಲಿ ಭಾರತಕ್ಕೆ ಬಂದು, 1838ರಲ್ಲಿ ವಿವಾಹವಾಗಿ, ಮರುವರ್ಷ ತಲಶ್ಶೇರಿಯ ಇಲ್ಲಿಕುನ್ನಿನಲ್ಲಿ ನೆಲಸಿದರು. ಅಲ್ಲಿ ಜೂಲಿ ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಗಂಡನೋ ಸದಾ ಸಂಚಾರಿ. 1857ರಲ್ಲಿ ಸರ್ಕಾರ ಅವರನ್ನು ಮಲಬಾರು ಮತ್ತು ಕೆನರಾ ಜಿಲ್ಲೆಗಳ ಶಾಲಾ ಇನ್‌ಸ್ಪೆಕ್ಟರರನ್ನಾಗಿ ನೇಮಿಸಿದ ಮೇಲಂತೂ ಊರೂರು ತಿರುಗುವುದೇ ಉದ್ಯೋಗವಾಯಿತು. ವಯನಾಡು ಅಂದು ಮಲಬಾರು ಜಿಲ್ಲೆಗೆ ಸೇರಿತ್ತಾದ್ದರಿಂದ ನಮ್ಮ ಮುತ್ತಂಗವೂ ಅವರ ಅಧಿಕಾರದ ಎಲ್ಲೆಯೊಳಗೇ ಇತ್ತು. (ಇನ್‌ಸ್ಪೆಕ್ಟರರ ಆಗಮನವೆಂದರೆ ಮುಖ್ಯೋಪಾಧ್ಯಾಯನ ಪಾಡೇನೆಂಬುದನ್ನು ಬಲ್ಲ ನಮಗೆ ಈ ಸಂಗತಿ ಸಣ್ಣ ನಗುವನ್ನೂ ತರಿಸುತ್ತದೆ.) 1859ರಲ್ಲಿ ಅನಾರೋಗ್ಯದಿಂದ ಗುಂಡರ್ಟರು ಸ್ವದೇಶಕ್ಕೆ ತೆರಳಿದಾಗ ಜೂಲಿ ಇಲ್ಲಿಯೇ ಉಳಿದರು, ಅವರು ಹೊರಟದ್ದು ಮರುವರ್ಷ. ಸೂಯೆಜ್ ಕಾಲುವೆ ಇನ್ನೂ ತೆರೆಯದ ಕಾಲ. ಟಪಾಲು ಹಡಗಿನಿಂದಿಳಿದು, ಈಜಿಪ್ಟಿನ ನೆಲವನ್ನು ದಾಟಿ, ಮತ್ತೆ ಹಡಗು ಹತ್ತಬೇಕು. ಜ್ವರವೆಂದು ಬರೆದ ಕಾಗದ ತಲುಪುವ ವೇಳೆಗೆ ರೋಗಿ ಗುಣವಾಗಿರಬೇಕು, ಇಲ್ಲವೆ ಮಣ್ಣಾಗಿರಬೇಕು.

ಆ ಕುಟುಂಬದ ಕಾಗದಪತ್ರಗಳು ಇಂದು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಭದ್ರವಾಗಿವೆ. ಪಂಡಿತರು ಅವುಗಳಲ್ಲಿ ಮಿಷನ್ನಿನ ಇತಿಹಾಸವನ್ನೂ ಭಾಷೆಯ ಇತಿಹಾಸವನ್ನೂ ಹುಡುಕುತ್ತಾರೆ. ನಮಗಾದರೋ ಅದಕ್ಕಿಂತ ದೊಡ್ಡದಾಗಿ ತೋರುವುದು ಹೆಂಗಸು ತನ್ನ ಕೈಯಾರೆ ಮನೆಯ ವರ್ತಮಾನವನ್ನು ಬರೆಯಬಲ್ಲವಳಾಗಿದ್ದಳು ಎಂಬ ಸಂಗತಿಯೇ. 1854ರಲ್ಲಿ ಅಂಚೆಯ ದರ ದೇಶಕ್ಕೆಲ್ಲ ಒಂದಾಯಿತು. ಅರ್ಧಾಣೆಯ ಚೀಟಿ ಅಂಟಿಸಿದರೆ ಹಗುರವಾದ ಕಾಗದ ಈ ದೇಶದ ಯಾವ ಮೂಲೆಗಾದರೂ ಹೋಗುತ್ತಿತ್ತು. ಆದರೆ ಬರೆಯುವ ಕೈ ಎಲ್ಲಿತ್ತು? ಮೈಸೂರಿನಲ್ಲಿ ಮಹಾರಾಣಿ ಬಾಲಿಕಾ ಪಾಠಶಾಲೆ ಆರಂಭವಾದದ್ದು 1881ರಲ್ಲಿ. ಅದಕ್ಕೆ ಮೊದಲು, ಅದಾದ ಎಷ್ಟೋ ವರ್ಷಗಳ ಮೇಲೂ, ಪರಸ್ಥಳದ ಗಂಡನಿಗೆ ಸುದ್ದಿ ಮುಟ್ಟಿಸಬೇಕಾದ ಹಳ್ಳಿಯ ಹೆಂಗಸು ಶಾನುಭೋಗರ ಜಗುಲಿಯಲ್ಲೋ ಐಗಳ ಮುಂದೋ ನಿಂತು ಹೇಳಿ ಬರೆಸಬೇಕಿತ್ತು. ಪರಪುರುಷನ ಮುಂದೆ ನಿಂತು ಏನನ್ನು ತಾನೇ ಬರೆಸಿಯಾಳು? ‘ಇತ್ತ ಎಲ್ಲರೂ ಕ್ಷೇಮ, ಅತ್ತಣ ಕ್ಷೇಮಕ್ಕೆ ಬರೆಯುವುದು.’ ಅತ್ತೆಯ ಕಾಟ, ಮೈದುನನ ಕುಡಿತ, ತನ್ನ ಒಂಟಿತನ ಇವು ಯಾವುವೂ ಆ ಕಾಗದದೊಳಕ್ಕೆ ಬರಲಾರವು. ಹೀಗಾಗಿ ನಮ್ಮ ಮುತ್ತಜ್ಜಿಯರ ಕಾಲದ ಮನೆವಾರ್ತೆ ಗಂಡಸರ ಕೈಬರಹದಲ್ಲಿ ಅರ್ಧ ಹೂತುಹೋಗಿದೆ.

ಜೂಲಿಯವರನ್ನು ನೆನೆಯುವಾಗ ಇನ್ನೊಂದನ್ನು ಮರೆಯಲಾಗದು. 1846ರಲ್ಲಿ ಯುರೋಪಿನಿಂದ ಮರಳುವಾಗ ದಂಪತಿಗಳು ಮಕ್ಕಳನ್ನು ಅಲ್ಲಿಯೇ ಬಿಟ್ಟುಬಂದರು. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಮಗಳು ಮಾರೀ ತಾಯಿಯ ಬಳಿಗೆ ಬಂದದ್ದು ಹದಿನೈದರ ಪ್ರಾಯದಲ್ಲಿ. (ಈಕೆಯೇ ಮುಂದೆ ನೊಬೆಲ್ ಪುರಸ್ಕೃತ ಹೆರ್ಮನ್ ಹೆಸ್ಸೆಯ ತಾಯಿ.) ನಾಲ್ಕರ ಮಗು ಹದಿನೈದಾಗುವವರೆಗೆ ಆ ತಾಯಿಗೆ ಕಾಗದವೇ ಮಗಳು.

ಇಷ್ಟನ್ನು ಬರೆಯಲು ನಮಗೊಂದು ಸ್ವಂತ ಕಾರಣವೂ ಉಂಟು. ಕೇರಳದಲ್ಲಿ ಕನ್ನಡ ಕಲಿಸಹೊರಟವನಿಗೆ ಅನ್ನ ಇರುವುದು ಕಾಸರಗೋಡಿನ ಕಡೆ. ನಮಗೂ ಕೆಲಸ ದೊರೆತದ್ದು ಅಲ್ಲಿಯೇ. ಮನೆ, ಗದ್ದೆ, ವೃದ್ಧ ತಾಯಿ ಉಳಿದದ್ದು ಮುತ್ತಂಗದಲ್ಲಿ. ಹದಿನೇಳು ವರ್ಷ ನಮ್ಮ ಮನೆಯಾಕೆ ವಾರಕ್ಕೊಂದು ಇನ್‌ಲ್ಯಾಂಡ್ ಬರೆದರು. ರಜೆಗೆ ಬರುವಾಗ ರೈಲು ತಲಶ್ಶೇರಿಯನ್ನು ದಾಟುತ್ತಿತ್ತು. ಕೋಳಿಕ್ಕೋಡಿನಲ್ಲಿ ಇಳಿದು, ತಾಮರಶ್ಶೇರಿ ಘಟ್ಟವನ್ನು ಬಸ್ಸಿನಲ್ಲಿ ಹತ್ತಿ, ಬತ್ತೇರಿಗೆ ಬಂದು ಮತ್ತೊಂದು ಬಸ್ಸು. ನಿವೃತ್ತಿಯ ಬಳಿಕ ಒಮ್ಮೆ ಇಲ್ಲಿಕುನ್ನಿನ ಬಂಗಲೆಯನ್ನು ನೋಡಿಬಂದಾಗ ಈ ಹಳೆಯ ಇನ್‌ಲ್ಯಾಂಡುಗಳ ನೆನಪಾಯಿತು.

ಅವುಗಳಲ್ಲಿ ಸಾಹಿತ್ಯವಿಲ್ಲ. ಗೌರಿ ಹಸು ಹೆಣ್ಣುಕರು ಹಾಕಿತು. ಆನೆ ಬಾಳೆಯ ತೋಟಕ್ಕೆ ನುಗ್ಗಿ ಹನ್ನೊಂದು ಗೊನೆ ತಿಂದಿತು. ಕಾಳುಮೆಣಸಿಗೆ ದರವಿಲ್ಲ, ಮಾರಲಿಲ್ಲ. ಅತ್ತೆಯವರ ಕಾಲುನೋವಿಗೆ ಬತ್ತೇರಿಯ ಎಣ್ಣೆ ತಂದೆ, ರೂಪಾಯಿ ನಾಲ್ಕೂವರೆ. ಪುನಃ ಓದಿದಾಗಲೇ ನಮಗೆ ಹೊಳೆದುದು: ಮಾರಲಿಲ್ಲ, ತಂದೆ, ಕೊಟ್ಟೆ, ಉಳಿಸಿದೆ ಎಂದು ಎಲ್ಲ ತೀರ್ಮಾನಗಳೂ ಅವರವೇ. ಸಂಬಳದ ಮನಿಯಾರ್ಡರನ್ನು ಕಳಿಸಿ ಸಂಸಾರವನ್ನು ನಾವು ನಡೆಸುತ್ತಿದ್ದೆವೆಂದು ಊರು ಹೇಳುತ್ತಿತ್ತು.

ಬರೆಯದೆ ಬಿಟ್ಟದ್ದೂ ಕಡಮೆಯಲ್ಲ. ಒಂದು ಆಷಾಢದಲ್ಲಿ ನಮ್ಮ ಕಿರಿಯ ಮಗ ಒಂಬತ್ತು ದಿನ ವಿಷಮಜ್ವರದಲ್ಲಿ ಮಲಗಿದ್ದ. ಆ ವಾರದ ಕಾಗದದಲ್ಲಿ ಇರುವುದು ಮಳೆ ಜೋರು, ನಾಟಿಗೆ ಆಳು ಸಿಗುವುದಿಲ್ಲ ಎಂಬಷ್ಟೇ. ಮುಂದಿನದರಲ್ಲಿ, ಕೊನೆಯ ಮಡಿಕೆಯ ಅಂಚಿನಲ್ಲಿ, ‘ಮಗುವಿಗೆ ಜ್ವರ ಬಿಟ್ಟಿತು, ಗಂಜಿ ಕುಡಿದ.’ ಬಂದಿತ್ತೆಂಬುದೇ ತಿಳಿಯದ ಜ್ವರ ಬಿಟ್ಟ ಸುದ್ದಿ! ಈಚೆಗೆ ಕೇಳಿದೆವು, ಏಕೆ ಬರೆಯಲಿಲ್ಲವೆಂದು. “ಬರೆದಿದ್ದರೆ ನೀವು ಪರೀಕ್ಷೆಯ ಮಕ್ಕಳನ್ನು ಬಿಟ್ಟು ಓಡಿಬರುತ್ತಿದ್ದಿರಿ. ಬಂದು ಮಾಡುವುದೇನಿತ್ತು? ನಿಮಗೂ ಒಂದು ಗಂಜಿ ಬೇಯಿಸಬೇಕಿತ್ತು” ಎಂದರು. ಉತ್ತರ ಹೊಳೆಯದೆ ಸುಮ್ಮನಾದೆವು.

ಟ್ಯೂಬಿಂಗನ್ನಿನ ಪತ್ರಗಳನ್ನು ಕಾಯಲು ಒಂದು ವಿಶ್ವವಿದ್ಯಾಲಯವಿದೆ. ನಮ್ಮ ಕಬ್ಬಿಣದ ಟ್ರಂಕಿನವನ್ನು ಗೆದ್ದಲು ಮತ್ತು ವಯನಾಡಿನ ಶೀತ ಕಾಯುತ್ತಿವೆ. ಅದಕ್ಕಿಂತ ದೊಡ್ಡ ಗೆದ್ದಲು ಬೇರೆ ಇದೆ: ನಮ್ಮ ಮೊಮ್ಮಕ್ಕಳು ಮಲಯಾಳದಲ್ಲಿ ಓದುತ್ತಾರೆ, ಮನೆಯಲ್ಲಿ ಕನ್ನಡ ಆಡುತ್ತಾರೆ, ಕನ್ನಡದ ಅಕ್ಷರ ಅವರಿಗೆ ಬಾರದು. ಮಲಯಾಳವನ್ನು ನಾವು ದೂರುವವರಲ್ಲ, ಅನ್ನವಿತ್ತ ನಾಡಿನ ನುಡಿ ಅದು. ಆದರೂ ಅಜ್ಜಿ ಬರೆದುದನ್ನು ಮೊಮ್ಮಗಳು ಓದಲಾರಳೆಂದರೆ, ಶಾನುಭೋಗರ ಜಗುಲಿಯ ಮುಂದೆ ನಿಂತ ಹೆಂಗಸಿನ ಪಾಡಿಗೂ ಇದಕ್ಕೂ ಅಂತರವೆಷ್ಟು? ಈ ಸಂಘದ ಮಿತ್ರರು ಭಾನುವಾರಕ್ಕೆ ಒಂದು ತಾಸು ಬಿಡುವು ಮಾಡಿಕೊಳ್ಳುವುದಾದರೆ ವರ್ಣಮಾಲೆಯನ್ನು ಕಲಿಸಲು ನಾವು ಸಿದ್ಧ, ಸೀಮೆಸುಣ್ಣವೂ ನಮ್ಮದೇ.

ಸದ್ಯಕ್ಕೆ ದೊಡ್ಡ ಮೊಮ್ಮಗಳು ಒಂದೊಂದೇ ಇನ್‌ಲ್ಯಾಂಡನ್ನು ತಂದು ಅಜ್ಜಿಯಿಂದಲೇ ಓದಿಸಿಕೊಳ್ಳುತ್ತಾಳೆ. ಅಜ್ಜಿ ಕನ್ನಡಕ ಏರಿಸಿ ಸರಾಗವಾಗಿ ಓದುತ್ತಾರೆ. ನಡುನಡುವೆ ಒಂದೆರಡು ಸಾಲುಗಳನ್ನು ಹಾರಿಸಿಬಿಡುತ್ತಾರೆ. ಆ ಸಾಲುಗಳು ಯಾವುವೆಂದು ಪಕ್ಕದ ಕುರ್ಚಿಯಲ್ಲಿರುವ ನಮಗೆ ಮಾತ್ರ ಗೊತ್ತು.