ಸಿದ್ಧಗಂಗೆಯ ದಾಸೋಹ ಮತ್ತು ನಮ್ಮ ತರಗತಿ

ಏಪ್ರಿಲ್ 1 ಬಂತೆಂದರೆ ತುಮಕೂರು ಸೀಮೆಯ ಊರೂರಲ್ಲೂ ಸಿದ್ಧಗಂಗಾ ಮಠದ ಡಾ. ಶಿವಕುಮಾರ ಸ್ವಾಮೀಜಿಯವರ ಭಾವಚಿತ್ರಕ್ಕೆ ಹೂಮಾಲೆ ಬೀಳುತ್ತದೆ. 'ನಡೆದಾಡುವ ದೇವರು', 'ತ್ರಿವಿಧ ದಾಸೋಹಿ' ಎಂಬ ಮಾತುಗಳಿಲ್ಲದೆ ಅಂದಿನ ಭಾಷಣ ಮುಗಿಯುವುದಿಲ್ಲ. ನಾನೂ ಪ್ರೌಢಶಾಲೆಯಿಂದ ಇವನ್ನು ಕೇಳುತ್ತ ಬಂದವಳೇ. ಆದರೆ ಶಿಕ್ಷಕಿಯಾಗಲು ಹೊರಟವಳಿಗೆ ಆ ಬದುಕಿನಿಂದ ತರಗತಿಯಲ್ಲಿ ಬಳಕೆಗೆ ಬರುವಂಥದ್ದು ಏನಿದೆ ಎಂದು ಯೋಚಿಸಿದ್ದು ಈ ಸಲದ ಅಭ್ಯಾಸ ಬೋಧನೆಯ ದಿನಗಳಲ್ಲಿ.

ಸ್ವಾಮೀಜಿ ಹುಟ್ಟಿದ್ದು 1907ರಲ್ಲಿ, ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ. 1926ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿದರು. ಅಲ್ಲಿ ಅವರು ಆರಿಸಿಕೊಂಡ ವಿಷಯಗಳಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇದ್ದವು ಎಂಬುದು ಬಿ.ಎಸ್ಸಿ. ಓದಿದ ನನಗೆ ಸಹಜವಾಗಿ ಖುಷಿ ಕೊಡುವ ಸಂಗತಿ. ಮಠದ ಉತ್ತರಾಧಿಕಾರಿಯಾಗಬೇಕಿದ್ದ ಮರುಳಾರಾಧ್ಯರು ತೀರಿಕೊಂಡಾಗ, 1930ರಲ್ಲಿ ಹಿರಿಯರಾದ ಉದ್ಧಾನ ಶಿವಯೋಗಿಗಳು ಈ ವಿದ್ಯಾರ್ಥಿಯನ್ನು ಆ ಸ್ಥಾನಕ್ಕೆ ಆರಿಸಿದರು. ಪದವಿ ಅಲ್ಲಿಗೇ ನಿಂತಿತು. 1941ರಲ್ಲಿ ಮಠದ ಪೂರ್ಣ ಹೊಣೆ ಹೆಗಲಿಗೆ ಬಂತು. ಹಳ್ಳಿಹಳ್ಳಿಗೆ ಹೋಗಿ ಭಕ್ತರಿಂದ ದವಸಧಾನ್ಯ ಸಂಗ್ರಹಿಸಿ ಮಕ್ಕಳಿಗೆ ಉಣಬಡಿಸಿದ ಕಾಲದಿಂದ ಮೊದಲುಗೊಂಡು, ಸುಮಾರು 10,000 ಮಕ್ಕಳು ಉಚಿತವಾಗಿ ಉಂಡು, ಉಳಿದು, ಓದುವ ಮಟ್ಟಕ್ಕೆ ಮಠ ಬೆಳೆಯಿತು. ಬೇರೆ ಬೇರೆ ಜಾತಿ, ಧರ್ಮಗಳ ಮಕ್ಕಳು ಅಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತರು. ಅನ್ನ, ಆಶ್ರಯ, ಅಕ್ಷರ ಎಂಬ ಮೂರೂ ಸೇರಿ ತ್ರಿವಿಧ ದಾಸೋಹ.

ನಾವು ಸಾಮಾನ್ಯವಾಗಿ ದಾಸೋಹ ಎಂದರೆ ಅನ್ನದಾನ ಎಂದುಕೊಳ್ಳುತ್ತೇವೆ. ಪದವನ್ನು ಬಿಡಿಸಿ ನೋಡಿದರೆ 'ದಾಸೋಹಂ', ಅಂದರೆ 'ನಾನು ದಾಸ' ಎಂಬ ಅರ್ಥ ಸಿಗುತ್ತದೆ. 12ನೇ ಶತಮಾನದ ಶರಣರು ಕಾಯಕದ ಜೊತೆಗೆ ಜೋಡಿಸಿದ ಪದವಿದು. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ಸೇವಕ. ಹಾಗಾಗಿ ಎಷ್ಟು ಕೊಟ್ಟೆವು ಎನ್ನುವುದರ ಜೊತೆಗೆ, ಪಡೆದವರು ತಲೆ ತಗ್ಗಿಸಬೇಕಾಯಿತೇ ಎಂದೂ ಕೇಳಿಕೊಳ್ಳಬೇಕಾಗುತ್ತದೆ.

ಇದು ನನಗೆ ಮನವರಿಕೆಯಾದದ್ದು ಎಂಟನೇ ತರಗತಿಯಲ್ಲಿ 'ಘರ್ಷಣೆ' ಪಾಠ ಮಾಡುತ್ತಿದ್ದಾಗ. ಮೊದಲ ಎರಡು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎಲ್ಲ ಪ್ರಶ್ನೆಗೂ ಕೈ ಎತ್ತುತ್ತಿದ್ದ. ಸೈಕಲ್ ಬ್ರೇಕಿನ ರಬ್ಬರ್ ಸವೆಯುವ ಉದಾಹರಣೆ ಕೊಟ್ಟವನೂ ಅವನೇ. ಮೂರನೇ ದಿನ ನಡುವೆ ಕಚೇರಿಯಿಂದ ಒಂದು ಚೀಟಿ ಬಂತು. ವಿದ್ಯಾರ್ಥಿವೇತನಕ್ಕೆ ಜಾತಿ, ಆದಾಯ ಪ್ರಮಾಣಪತ್ರ ತರದವರ ಹೆಸರುಗಳು ಅದರಲ್ಲಿದ್ದವು. ಚೀಟಿ ತಂದವರು ಅಲ್ಲೇ ಹೆಸರು ಕೂಗಿ ಒಬ್ಬೊಬ್ಬರನ್ನಾಗಿ ಎದ್ದು ನಿಲ್ಲಿಸಿದರು. ಯಾರೋ ಕಿಸಕ್ಕೆಂದರು. ಆ ಹುಡುಗನೂ ನಿಂತಿದ್ದ. ಅಂದು ಅವನ ಕೈ ಮತ್ತೆ ಮೇಲೇಳಲಿಲ್ಲ, ಮರುದಿನವೂ ಏಳಲಿಲ್ಲ.

ಹೆಸರು ಓದಿದವರ ಮನಸ್ಸಿನಲ್ಲಿ ಕೆಡುಕೇನೂ ಇರಲಿಲ್ಲ. ಕೊನೆಯ ದಿನಾಂಕ ಹತ್ತಿರ ಬಂದಿತ್ತು, ಮಕ್ಕಳಿಗೆ ಹಣ ತಪ್ಪಬಾರದೆಂಬ ಕಾಳಜಿಯೇ ಅವರದು. ಆದರೂ ಸೌಲಭ್ಯ ಕೊಡುವ ಆತುರದಲ್ಲಿ ಅದನ್ನು ಪಡೆಯುವ ಮಗು ನಾಲ್ಕು ಜನರೆದುರು ಚಿಕ್ಕದಾಯಿತು. ನಾನು ಮಾರ್ಗದರ್ಶಕ ಶಿಕ್ಷಕಿಯವರ ಬಳಿ, "ಮೇಡಂ, ಮುಂದಿನ ಸಲ ಚೀಟಿಯನ್ನು ನಾನು ಮಕ್ಕಳ ನೋಟ್‌ಬುಕ್ಕಿನಲ್ಲಿಟ್ಟು ಕೊಡಲೇ?" ಎಂದು ಕೇಳಿದೆ. "ಅಷ್ಟು ಪುರುಸೊತ್ತಿದ್ದರೆ ಮಾಡಮ್ಮ, ಒಳ್ಳೇದೇ" ಎಂದರು. ತಿದ್ದಿದ ನೋಟ್‌ಬುಕ್ಕುಗಳೊಳಗೆ ಹನ್ನೊಂದು ಚೀಟಿ ಇಡಲು ಹಿಡಿದದ್ದು ಹತ್ತು ನಿಮಿಷ. ಪ್ರಮಾಣಪತ್ರಗಳು ಬಂದವು. ಆ ಹುಡುಗ ಮೊದಲಿನಂತಾಗಲು ಇನ್ನೂ ಒಂದು ವಾರ ಬೇಕಾಯಿತು.

ಸರ್ಕಾರದ ಬಿಸಿಯೂಟ ಯೋಜನೆ 2002ರಲ್ಲಿ ಆರಂಭವಾದದ್ದು 'ಅಕ್ಷರ ದಾಸೋಹ' ಎಂಬ ಹೆಸರಿನಲ್ಲಿ. ಮಠದ ಅಂಗಳದ ಮಾತು ಹೀಗೆ ಸರ್ಕಾರಿ ಶಾಲೆಯ ಗೋಡೆಯ ಮೇಲೂ ಇದೆ. ಉಣ್ಣುವುದೂ ಕಲಿಯುವುದೂ ಮಗುವಿನ ಹಕ್ಕಾಗಿರುವಾಗ ಕೊಡುವವರಿಗೆ ಉಪಕಾರದ ಧೋರಣೆ ಸಲ್ಲದು. ಊಟ, ಪುಸ್ತಕ, ಸಮವಸ್ತ್ರ ಎಲ್ಲವೂ ಮಗುವಿಗೆ ತಲುಪುವುದು ನಮ್ಮ ಕೈಯಿಂದಲೇ. ಹೇಗೆ ಕೊಡುತ್ತೇವೆ ಎನ್ನುವುದೂ ಮಗುವಿನ ಪಾಲಿಗೆ ಒಂದು ಪಾಠ.

ನಾವು ಸನ್ಯಾಸಿಗಳಲ್ಲ. ನಾಳೆ ಸಂಬಳಕ್ಕೆ ದುಡಿಯುವವರು, ಅದರಲ್ಲಿ ತಪ್ಪೇನೂ ಇಲ್ಲ. 111 ವರ್ಷ ಬಾಳಿದ ಆ ಬದುಕನ್ನು ಹಾಗೆಯೇ ಅನುಸರಿಸಿ ಎಂದು ಪ್ರಶಿಕ್ಷಣಾರ್ಥಿಗಳಿಗೆ ಹೇಳುವುದು ಬರೀ ಭಾಷಣವಾದೀತು. ಆದರೆ ಅದರ ಕೊನೆಯ ದಿನದ ಒಂದು ವಿವರ ನಮ್ಮ ಅಳತೆಗೆ ನಿಲುಕುವಂಥದ್ದು. 2019ರ ಜನವರಿ 21ರ ಬೆಳಗ್ಗೆ ಸ್ವಾಮೀಜಿ ಲಿಂಗೈಕ್ಯರಾದರು. ಮಕ್ಕಳು ಊಟ ಬಿಟ್ಟು ಏಳಬಾರದೆಂಬ ಅವರ ಇಚ್ಛೆಯಂತೆ, ಮಧ್ಯಾಹ್ನದ ಊಟ ಮುಗಿದ ಮೇಲೆ ಸುದ್ದಿ ಪ್ರಕಟಿಸಿದರೆಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ತನ್ನ ಸಾವಿನ ಸುದ್ದಿಗಿಂತ ಮಕ್ಕಳ ತಟ್ಟೆ ಮುಂದು ಎಂಬ ಈ ಲೆಕ್ಕವನ್ನು ದಿನದ ಒಂದು ಪೀರಿಯಡ್ಡಿನ ಮಟ್ಟಿಗಾದರೂ ನಾವು ಪಾಲಿಸಬಹುದು.

ನಮ್ಮ ಪಾಠಯೋಜನೆಯಲ್ಲಿ ಉದ್ದೇಶ, ಪೂರ್ವಜ್ಞಾನ, ಬೋಧನೋಪಕರಣ, ಮೌಲ್ಯಮಾಪನ ಎಲ್ಲದಕ್ಕೂ ಜಾಗವಿದೆ. ನಾನು ಕೊನೆಯ ಸಾಲಿನಲ್ಲಿ ಪೆನ್ಸಿಲಿನಿಂದ ಇನ್ನೊಂದು ಪ್ರಶ್ನೆ ಸೇರಿಸಿಕೊಂಡಿದ್ದೇನೆ: 'ಇಂದು ನನ್ನ ಅವಧಿಯಲ್ಲಿ ಯಾವ ಮಗುವಾದರೂ ತಲೆ ತಗ್ಗಿಸಿತೇ?' ಇದಕ್ಕೆ ಅಂಕಗಳಿಲ್ಲ. ಎರಡನೇ ಹಂತದ ಬೋಧನೆಗೆ ಹೋಗುವ ಗೆಳೆಯ ಗೆಳತಿಯರೂ ಒಂದು ವಾರ ಬರೆದು ನೋಡಲಿ. ಆ ಟಿಪ್ಪಣಿಗಳನ್ನು ನಮ್ಮ ವಿಮರ್ಶಾ ಸಭೆಯಲ್ಲಿ ಒಟ್ಟಿಗೆ ಕುಳಿತು ಓದೋಣ.